ಹೆಸರಿಲ್ಲದ ಅರಸ, ಹೆಸರುಳ್ಳ ಲಿಪಿಕಾರ: ನಮ್ಮ ನೆಲದ ಮತ್ತು ಈಜಿಪ್ಟಿನ ಮಸುಕಾದ ರಾಜವಂಶಗಳು

ವಿಮೋಚನಾಕಾಂಡದ ಮೊದಲನೆಯ ಅಧ್ಯಾಯವನ್ನು ಬೋಧಿಸುವಾಗ ಗುರುಮಠದ ತರಗತಿಯಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: ಜೋಸೆಫನನ್ನು ಅರಿಯದ ಆ ಹೊಸ ಅರಸ ಯಾರು? ಪ್ರಶ್ನೆ ಸಹಜವಾದುದೇ. ಈಜಿಪ್ಟಿನ ಅರಸರ ಪಟ್ಟಿ ಇಂದು ಯಾವ ವಿಶ್ವಕೋಶದಲ್ಲಾದರೂ ದೊರೆಯುತ್ತದೆ. ಮೋಶೆಗೆ ಎದುರಾದ ಫರೋಹನಿಗೆ ಚಲನಚಿತ್ರಗಳು ರಾಮ್ಸೆಸ್ ಎಂಬ ಹೆಸರಿಟ್ಟು ದಶಕಗಳೇ ಕಳೆದಿವೆ. ಆದರೆ ಪವಿತ್ರ ಗ್ರಂಥ ಮಾತ್ರ ಈ ಅರಸರ ಹೆಸರನ್ನು ಹೇಳುವುದಿಲ್ಲ. ಅದೇ ಅಧ್ಯಾಯದಲ್ಲಿ ಇಬ್ಬರು ಸೂಲಗಿತ್ತಿಯರ ಹೆಸರುಗಳನ್ನು, ಶಿಪ್ರಾ ಮತ್ತು ಪೂಗಾ ಎಂದು, ಅದು ಸ್ಪಷ್ಟವಾಗಿ ದಾಖಲಿಸುತ್ತದೆ. ಈಜಿಪ್ಟಿನ ಅರಸರ ಹೆಸರುಗಳು ಬೈಬಲಿನ ಲೇಖಕರಿಗೆ ಅಪರಿಚಿತವಾಗಿದ್ದವು ಎನ್ನುವಂತೆಯೂ ಇಲ್ಲ. ಅರಸರ ಗ್ರಂಥಗಳಲ್ಲಿ ಶೀಶಕನೂ ನೆಕೋವನೂ, ಯೆರೆಮೀಯನ ಪ್ರವಾದನೆಯಲ್ಲಿ ಹೊಫ್ರನೂ ಹೆಸರಿನಿಂದಲೇ ಕಾಣಿಸಿಕೊಳ್ಳುತ್ತಾರೆ. ವಿಮೋಚನಾಕಾಂಡದಲ್ಲಿ ಮಾತ್ರ ಅರಸನಿಗೆ ಪದವಿ ಇದೆ, ಹೆಸರಿಲ್ಲ.

ಈ ಮೌನವನ್ನು ಓದುವ ಕ್ರಮವನ್ನು ಕಲಿಯಲು ನಾವು ನೈಲ್ ನದಿಯ ದಂಡೆಯಿಂದಲೇ ಆರಂಭಿಸಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಮತ್ತು ಚಳ್ಳಕೆರೆ ತಾಲ್ಲೂಕುಗಳ ಬಂಡೆಗಳು, ನಾಣ್ಯಗಳು, ಹಟ್ಟಿಗಳು ಇದೇ ಪಾಠವನ್ನು ಕನ್ನಡ ನೆಲದಲ್ಲಿಯೇ ಕಲಿಸಬಲ್ಲವು. ಅರಸರು ಹೇಗೆ ನೆನಪಾಗುತ್ತಾರೆ, ಹೇಗೆ ಮರೆಯಾಗುತ್ತಾರೆ, ಅವರ ನೆನಪನ್ನು ಯಾರು ಕಾಯುತ್ತಾರೆ ಎಂಬುದನ್ನು ಮೊದಲು ಇಲ್ಲಿ, ಅನಂತರ ಈಜಿಪ್ಟಿನ ಆದಿ ರಾಜವಂಶಗಳಲ್ಲಿ ನೋಡಿ, ಕೊನೆಯಲ್ಲಿ ದೇವರ ವಾಕ್ಯದ ಕಡೆಗೆ ಮರಳುವುದು ಈ ಲೇಖನದ ಉದ್ದೇಶ.

ಇಸಿಲದ ಬಂಡೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರ ಬೆಟ್ಟ ಈ ಮೂರು ನೆಲೆಗಳಲ್ಲಿ ಮೌರ್ಯ ಚಕ್ರವರ್ತಿಯ ಕಿರುಬಂಡೆ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆಮಾಡಿದರು. ಕರ್ನಾಟಕದಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದದ್ದು ಆಗಲೇ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ತಾಯಿತಂದೆಯರ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಚನ, ಶಿಷ್ಯರು ಗುರುಗಳಿಗೆ ಸಲ್ಲಿಸಬೇಕಾದ ಗೌರವ ಇವು ಆ ಮಾತಿನ ಸಾರ. ಇಸಿಲ ಎಂಬುದು ಬ್ರಹ್ಮಗಿರಿಯ ತಪ್ಪಲಿನ ಪ್ರಾಚೀನ ಪಟ್ಟಣದ ಹೆಸರು.

ಈ ಶಾಸನಗಳಲ್ಲಿ ಚಕ್ರವರ್ತಿಯ ಸ್ವಂತ ಹೆಸರು ಎಲ್ಲಿಯೂ ಇಲ್ಲ. ಅವನು 'ದೇವಾನಾಂಪ್ರಿಯ', ಅಂದರೆ ದೇವತೆಗಳಿಗೆ ಪ್ರಿಯನಾದವನು, ಅಷ್ಟೆ. ಆದರೆ ಬರಹದ ಕೊನೆಯಲ್ಲಿ ಒಂದು ಹೆಸರಿದೆ. ಇದನ್ನು ಬರೆದವನು ಚಪಡ ಎಂಬ ಲಿಪಿಕಾರ. ಶಾಸನದ ಉಳಿದ ಭಾಗವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದು, ತನ್ನ ವೃತ್ತಿಯನ್ನು ಸೂಚಿಸುವ ಪದವೊಂದನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಗಾಂಧಾರ ಸೀಮೆಯ ಲಿಪಿ. ಆ ಲಿಪಿಯನ್ನು ಬಲ್ಲ ಬರಹಗಾರನೊಬ್ಬನ ಕೈ ಚಿನ್ನಹಗರಿಯ ದಂಡೆಯ ಬಂಡೆಗಳ ಮೇಲೆ ಹೀಗೆ ಉಳಿದುಕೊಂಡಿದೆ.

ದೇವಾನಾಂಪ್ರಿಯನೇ ಅಶೋಕ ಎಂಬುದು ತಿಳಿದದ್ದು ಎರಡು ಹಂತಗಳಲ್ಲಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ, ಶಾಸನಗಳ ಅರಸನನ್ನು ಗುರುತಿಸಲು ನೆರವಾದದ್ದು ಶ್ರೀಲಂಕೆಯ ಬೌದ್ಧ ಭಿಕ್ಷುಗಳು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದ ಪಾಳಿ ವಂಶಚರಿತ್ರೆಗಳು. ಮುಂದೆ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕ ಎಂಬ ಹೆಸರನ್ನೇ ಹೊತ್ತ ಶಾಸನ ದೊರೆಯಿತು. ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಂ ಶಾಸನಗಳೂ ಆ ಹೆಸರನ್ನು ದೃಢಪಡಿಸಿದವು. ಭರತಖಂಡದ ಬಹುಭಾಗವನ್ನು ಆಳಿದ ಚಕ್ರವರ್ತಿಯ ಗುರುತು ಎರಡು ಸಾವಿರ ವರ್ಷಗಳ ನಂತರ ಮರಳಿ ದೊರೆತದ್ದು ಮಠವಾಸಿಗಳ ಬರಹದಿಂದ ಮತ್ತು ಕನ್ನಡನಾಡಿನ ಒಂದು ಬಂಡೆಯಿಂದ. ಆದರೆ ಚಪಡನ ಹೆಸರು ಮೊಳಕಾಲ್ಮುರಿನಲ್ಲಿ ಎಂದಿನಿಂದಲೂ ಅಲ್ಲಿಯೇ ಇತ್ತು.

ಸೀಸದ ನಾಣ್ಯಗಳು, ಮುರಿದ ವಂಶಾವಳಿಗಳು

ಮೌರ್ಯರ ನಂತರ ಈ ಸೀಮೆಯ ರಾಜಕೀಯ ಚರಿತ್ರೆ ಇನ್ನಷ್ಟು ಮಸುಕಾಗುತ್ತದೆ. ಚಿತ್ರದುರ್ಗದ ಕೋಟೆಬೆಟ್ಟಗಳ ಮಗ್ಗುಲಿನ ಚಂದ್ರವಳ್ಳಿಯಲ್ಲಿ ದೊರೆತ ಸೀಸದ ನಾಣ್ಯಗಳ ಮೇಲೆ 'ಸದಕಣ ಕಳಲಾಯ ಮಹಾರಠಿ' ಎಂಬ ಪ್ರಾಕೃತ ಬರಹವಿದೆ. ಒಂದು ಬದಿಯಲ್ಲಿ ಹಿಣಿಲುಳ್ಳ ಗೂಳಿ, ಇನ್ನೊಂದು ಬದಿಯಲ್ಲಿ ಕಟಕಟೆಯೊಳಗಿನ ಮರ. ಸಾತವಾಹನರ ಕಾಲದಲ್ಲಿ ಇಲ್ಲಿ ಅಧಿಕಾರ ನಡೆಸಿದ ಮನೆತನವೊಂದರ ಕುರುಹು ಇದು. ಅವರ ಯುದ್ಧಗಳು, ವಿವಾಹಗಳು, ದಾನಗಳು ನಮ್ಮ ಕೈಗೆ ಬಂದಿಲ್ಲ. ಒಂದು ರಾಜಮನೆತನದ ಚರಿತ್ರೆಯೆಲ್ಲ ಹೆಬ್ಬೆರಳಿನ ಉಗುರಿನಗಲದ ಸೀಸದ ಬಿಲ್ಲೆಯೊಳಗೆ ಅಡಗಿದೆ.

ಅನಂತರ ಬನವಾಸಿಯ ಚುಟುಗಳು ಬಂದರು. 4ನೇ ಶತಮಾನದಲ್ಲಿ ಕದಂಬ ಮಯೂರಶರ್ಮ ಬಂದನು. ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಮೂರು ಸಾಲುಗಳ ಪ್ರಾಕೃತ ಶಾಸನವೊಂದು ಅವನ ಹೆಸರನ್ನೂ ಅವನು ನಿರ್ಮಿಸಿದ ಕೆರೆಯನ್ನೂ ಉಲ್ಲೇಖಿಸುತ್ತದೆ. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಓದಿ, ಅದರಲ್ಲಿ ಆಭೀರ, ಪಲ್ಲವ, ಶಕಸ್ಥಾನ ಮುಂತಾಗಿ ಅವನು ಗೆದ್ದವರ ಉದ್ದವಾದ ಪಟ್ಟಿಯನ್ನು ಗುರುತಿಸಿದರು. ಆ ಹೆಸರುಗಳ ಓದಿನ ಬಗೆಗೆ ನಂತರದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಮೂಡಿದೆ. ಆದರೆ ಕೆರೆಯ ಬಗೆಗೆ ಯಾರಿಗೂ ಸಂಶಯವಿಲ್ಲ. ದಂಡಯಾತ್ರೆಯ ಕೀರ್ತಿ ಚರ್ಚೆಗೆ ಒಳಗಾಯಿತು. ಜನರಿಗೆ ನೀರು ಒದಗಿಸಿದ ಕಾರ್ಯ ನಿರ್ವಿವಾದವಾಗಿ ಉಳಿಯಿತು. ಇದೇ ಮಯೂರಶರ್ಮನ ಕಥೆಯನ್ನು ಮುಂದಿನ ಶತಮಾನದ ತಾಳಗುಂದ ಸ್ತಂಭಶಾಸನ ವಿಸ್ತಾರವಾಗಿ ಹೇಳುತ್ತದೆ. ಅದನ್ನು ರಚಿಸಿದ ಕವಿ ಕುಬ್ಜನೂ ತನ್ನ ಹೆಸರನ್ನು ಅಲ್ಲಿ ಉಳಿಸಿದ್ದಾನೆ.

ಈ ಸೀಮೆಗೆ ಇನ್ನೂ ಹತ್ತಿರದವರು ನೊಳಂಬರು. ನೊಳಂಬವಾಡಿ ಮೂವತ್ತೆರಡು ಸಾಸಿರ ಎಂದು ಹೆಸರಾದ ನಾಡು ಇಂದಿನ ಚಿತ್ರದುರ್ಗ ಜಿಲ್ಲೆಯನ್ನು ಒಳಗೊಂಡಿತ್ತು. ಅವರ ರಾಜಧಾನಿ ಹೆಂಜೇರು, ಈಗ ಆಂಧ್ರಪ್ರದೇಶದ ಗಡಿಯೊಳಗಿರುವ ಹೇಮಾವತಿ. ಅಲ್ಲಿನ ಸ್ತಂಭಶಾಸನ ಅವರ ವಂಶಾವಳಿಯನ್ನು ಕ್ರಮವಾಗಿ ಕೊಡುತ್ತದೆ: ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪ ಮೊದಲಾದವರು. ಈ ಸಾಲಿನ ತಲೆಯಲ್ಲಿ ಕಂಚಿಯ ತ್ರಿನಯನ ಪಲ್ಲವನನ್ನು ಕೂರಿಸಲಾಗಿದೆ. ಬಯಲುಸೀಮೆಯ ಮನೆತನವೊಂದು ತನ್ನ ಮೂಲವನ್ನು ಪ್ರಸಿದ್ಧವಾದ ಪಲ್ಲವ ಕುಲಕ್ಕೆ ಜೋಡಿಸಿಕೊಂಡಿತು. ವಂಶಾವಳಿ ಇಲ್ಲಿ ಪೂರ್ವಜರ ನೆನಪಷ್ಟೇ ಅಲ್ಲದೆ, ಸಮಕಾಲೀನ ಅರಸರ ನಡುವೆ ತಮಗೊಂದು ಸ್ಥಾನವನ್ನು ಕೋರುವ ಅರ್ಜಿಯೂ ಆಗಿದೆ.

ನೊಳಂಬರ ಅಂತ್ಯದ ಕುರಿತೂ ಒಂದು ಘೋಷಣೆ ಇದೆ. 10ನೇ ಶತಮಾನದ ಗಂಗ ಅರಸ ಎರಡನೆಯ ಮಾರಸಿಂಹ ಅವರನ್ನು ಸೋಲಿಸಿ 'ನೊಳಂಬಕುಲಾಂತಕ' ಎಂಬ ಬಿರುದನ್ನು ಧರಿಸಿದನು. ನೊಳಂಬರ ಕುಲಕ್ಕೆ ಯಮನಾದವನು ಎಂದು ಅದರ ಅರ್ಥ. ಆದರೆ 11ನೇ ಶತಮಾನದಲ್ಲಿಯೂ ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ನೊಳಂಬರು ಆಳುತ್ತಿದ್ದರು. ಅಷ್ಟರಲ್ಲಿ ತಲಕಾಡಿನ ಗಂಗರ ರಾಜ್ಯವೇ ಚೋಳರಿಗೆ ಸೋತು ಕೊನೆಗೊಂಡಿತ್ತು. ಬಿರುದನ್ನು ಚರಿತ್ರೆ ಎಂದು ಓದಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಹಳೆಯ ಒಡಂಬಡಿಕೆಯ ವಿದ್ಯಾರ್ಥಿಗೆ ಇದು ಪರಿಚಿತವಾದ ಪಾಠ. ಬೈಬಲಿನ ಹೊರಗೆ ಇಸ್ರಯೇಲ್ ಎಂಬ ಹೆಸರಿನ ಅತಿ ಪ್ರಾಚೀನ ಉಲ್ಲೇಖವೆಂದು ಬಹುತೇಕ ವಿದ್ವಾಂಸರು ಒಪ್ಪುವುದು ಫರೋಹ ಮೆರ್ನೆಪ್ಟಾನ ವಿಜಯಸ್ತಂಭದಲ್ಲಿದೆ. ಕ್ರಿ.ಪೂ. 13ನೇ ಶತಮಾನದ ಕೊನೆಯ ಆ ಕಲ್ಲು 1896ರಲ್ಲಿ ಥೀಬ್ಸಿನಲ್ಲಿ ಫ್ಲಿಂಡರ್ಸ್ ಪೆಟ್ರಿ ಅವರಿಗೆ ದೊರೆಯಿತು. ಇಸ್ರಯೇಲ್ ನಾಶವಾಯಿತು, ಅದರ ಬೀಜವೂ ಉಳಿದಿಲ್ಲ ಎಂಬುದು ಅದರ ತಾತ್ಪರ್ಯ. ದೇವಜನರು ಲೋಕದ ದಾಖಲೆಗೆ ಪ್ರವೇಶಿಸಿದ್ದೇ ಮರಣವಾರ್ತೆಯ ರೂಪದಲ್ಲಿ.

ನೈಲ್ ತೀರದ ಆದಿ ಅರಸರು

ಇಸಿಲದಿಂದ ಈಜಿಪ್ಟಿಗೆ ಒಂದು ನೇರವಾದ ಎಳೆಯೂ ಇದೆ. ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಅಶೋಕನು ಹೆಸರಿಸುವ ಯವನ ಅರಸರಲ್ಲಿ 'ತುರಮಾಯ' ಒಬ್ಬನು. ಅವನು ಈಜಿಪ್ಟನ್ನು ಆಳುತ್ತಿದ್ದ ಎರಡನೆಯ ಟಾಲೆಮಿ. ಹಿಬ್ರೂ ಧರ್ಮಶಾಸ್ತ್ರದ ಗ್ರೀಕ್ ಭಾಷಾಂತರವನ್ನು, ಎಪ್ಪತ್ತರ ಆವೃತ್ತಿಯ ಆರಂಭವನ್ನು, ಪ್ರಾಚೀನ ಸಂಪ್ರದಾಯ ಇದೇ ಟಾಲೆಮಿಯ ಕಾಲಕ್ಕೆ ಸೇರಿಸುತ್ತದೆ. ಮೊದಲ ಟಾಲೆಮಿಗಳ ಕಾಲದ ಆ ಶತಮಾನದಲ್ಲಿಯೇ ಮಾನೆಥೋ ಎಂಬ ಈಜಿಪ್ಟಿನ ಪುರೋಹಿತ ತನ್ನ ನಾಡಿನ ಅರಸರನ್ನೆಲ್ಲ ಮೂವತ್ತು ರಾಜವಂಶಗಳಾಗಿ ವಿಂಗಡಿಸಿ ಗ್ರೀಕ್ ಭಾಷೆಯಲ್ಲಿ ಚರಿತ್ರೆ ಬರೆದನು. ಈಜಿಪ್ಟಿನ ಚರಿತ್ರೆಯಲ್ಲಿ ಇಂದಿಗೂ ನಾವು ಬಳಸುವ ರಾಜವಂಶಗಳ ಎಣಿಕೆ ಅವನದೇ.

ಮಾನೆಥೋವಿನ ಮೂಲಗ್ರಂಥ ಉಳಿದಿಲ್ಲ. ಅದರ ರಾಜಪಟ್ಟಿಗಳು ಉಳಿದದ್ದು ಧರ್ಮಸಭೆಯ ಕಾಲಗಣಕರಿಂದ. 3ನೇ ಶತಮಾನದ ಆರಂಭದಲ್ಲಿ ಜೂಲಿಯಸ್ ಆಫ್ರಿಕಾನಸ್, 4ನೇ ಶತಮಾನದ ಆರಂಭದಲ್ಲಿ ಕೈಸರೇಯದ ಧರ್ಮಾಧ್ಯಕ್ಷ ಯುಸೇಬಿಯಸ್ ಅವನ್ನು ತಮ್ಮ ಕಾಲಗಣನೆಗಳಲ್ಲಿ ಸಂಗ್ರಹಿಸಿದರು. ಸುಮಾರು ಕ್ರಿ.ಶ. 800ರ ಹೊತ್ತಿಗೆ ಕಾನ್‌ಸ್ಟಾಂಟಿನೋಪಲಿನ ಸನ್ಯಾಸಿ ಜಾರ್ಜ್ ಸಿಂಕೆಲ್ಲಸ್ ಇಬ್ಬರ ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿ ಉದ್ಧರಿಸಿದನು. ಶ್ರೀಲಂಕೆಯ ಭಿಕ್ಷುಗಳು ಅಶೋಕನ ನೆನಪನ್ನು ಕಾಪಾಡಿದಂತೆಯೇ ಕ್ರೈಸ್ತ ಗುರುಗಳು ಫರೋಹರ ನೆನಪನ್ನು ಕಾಪಾಡಿದರು. ಆ ಅರಸರ ಆರಾಧನೆ ಅವರಿಗೆ ಬೇಕಿರಲಿಲ್ಲ. ದೇವರು ಕಾಲದಲ್ಲಿ ಕಾರ್ಯವೆಸಗಿದ್ದಾರೆ ಎಂದು ನಂಬುವವನಿಗೆ ಕಾಲದ ಲೆಕ್ಕ ಮುಖ್ಯ ಎಂಬುದೇ ಅವರ ಶ್ರಮದ ಹಿಂದಿನ ಕಾರಣ.

ಆ ಲೆಕ್ಕ ಅವರಿಗೆ ಸುಲಭವಾಗಿರಲಿಲ್ಲ. ಮಾನೆಥೋವಿನ ವರ್ಷಗಳನ್ನು ಕೂಡಿಸಿದರೆ ಜಲಪ್ರಳಯದ ಹಿಂದಕ್ಕೆ ಹೋಗುತ್ತಿತ್ತು. ಇದಕ್ಕೆ ಎರಡು ಬಗೆಯ ಉತ್ತರಗಳು ಹುಟ್ಟಿದವು. ಮಾನೆಥೋವಿನ ಮೊದಲ ಅರಸ ಮೇನೆಸ್ ಎಂಬುವನನ್ನು ಆದಿಕಾಂಡದಲ್ಲಿ ಹಾಮನ ಮಗನಾಗಿ ಬರುವ ಮಿಚ್ರಯಿಮನೊಡನೆ ಒಂದುಗೂಡಿಸಿದ್ದು ಮೊದಲನೆಯದು. ಸಿಂಕೆಲ್ಲಸ್ ಇದನ್ನು ಅಂಗೀಕರಿಸಿದನು. ಎರಡು ಪಟ್ಟಿಗಳ ಮೊದಲ ಹೆಸರುಗಳನ್ನು ಹೊಲಿದು ಒಂದು ಮಾಡುವ ಈ ಮಾರ್ಗ ಆಕರ್ಷಕವಾಗಿ ಕಂಡರೂ ಅದಕ್ಕೆ ಆಧಾರವಿಲ್ಲ. ಯುಸೇಬಿಯಸ್ ಸೂಚಿಸಿದ ಇನ್ನೊಂದು ಮಾರ್ಗ ಬೇರೆ ಬಗೆಯದು. ಪಟ್ಟಿಯಲ್ಲಿ ಒಂದರ ಹಿಂದೆ ಒಂದಾಗಿ ಕಾಣುವ ವಂಶಗಳಲ್ಲಿ ಕೆಲವು ಏಕಕಾಲದಲ್ಲಿ ಬೇರೆಬೇರೆ ಪ್ರದೇಶಗಳನ್ನು ಆಳಿರಬಹುದಲ್ಲವೆ ಎಂದು ಅವನು ಕೇಳಿದನು. ಈಜಿಪ್ಟಿನ ಏಕತೆ ಒಡೆದಿದ್ದ ಮಧ್ಯಂತರ ಯುಗಗಳ ವಿಷಯದಲ್ಲಿ ಇಂದಿನ ಸಂಶೋಧನೆ ಇದನ್ನೇ ಒಪ್ಪುತ್ತದೆ. ವಿಶ್ವಾಸವನ್ನು ರಕ್ಷಿಸುವ ಅವಸರದಲ್ಲಿ ಹುಟ್ಟಿದ ಉತ್ತರ ಬಿದ್ದುಹೋಯಿತು. ಆಕರದ ಸ್ವರೂಪವನ್ನು ತಾಳ್ಮೆಯಿಂದ ವಿಚಾರಿಸಿದ ಉತ್ತರ ನಿಂತಿತು.

ಮೊದಲೆರಡು ರಾಜವಂಶಗಳು ಪಟ್ಟಿಯಿಂದ ಚರಿತ್ರೆಗೆ ಬಂದದ್ದು ಉತ್ಖನನಗಳ ಮೂಲಕ. 1897-98ರಲ್ಲಿ ಹೀರಕಾನ್‌ಪೊಲಿಸ್‌ನಲ್ಲಿ ನಾರ್ಮೆರ್ ಅರಸನ ಕೆತ್ತನೆಯ ಫಲಕ ದೊರೆಯಿತು. ಅದರ ಬೆನ್ನಿಗೇ ಅಬಿಡೋಸ್‌ನಲ್ಲಿ ಪೆಟ್ರಿ ಅವರು ಮೊದಲ ರಾಜವಂಶದ ಸಮಾಧಿಗಳನ್ನು ಶೋಧಿಸಿದರು. ಇವು ಸುಮಾರು ಕ್ರಿ.ಪೂ. 3100ರಿಂದ ಈಚಿನವು. ಅವುಗಳಿಗಿಂತಲೂ ಹಳೆಯದಾದ ಅರಸನೊಬ್ಬನ ಸಮಾಧಿಯಲ್ಲಿ 1988ರಲ್ಲಿ ಗುಂಟರ್ ಡ್ರೈಯರ್ ಅವರಿಗೆ ಮೂಳೆ ಮತ್ತು ದಂತದ ಚಿಕ್ಕ ಚಿಕ್ಕ ಪಟ್ಟಿಗಳು ಸಿಕ್ಕವು. ಈಜಿಪ್ಟಿನ ಅತಿ ಪ್ರಾಚೀನ ಬರಹಗಳಲ್ಲಿ ಅವು ಸೇರಿವೆ. ಅವುಗಳಲ್ಲಿ ಸ್ತೋತ್ರವಿಲ್ಲ, ಪ್ರಶಸ್ತಿಯಿಲ್ಲ. ಸರಕು ಎಲ್ಲಿಂದ ಬಂತು, ಎಷ್ಟು ಬಂತು ಎಂಬ ಲೆಕ್ಕದ ಗುರುತುಗಳಷ್ಟೇ ಇವೆ.

ಎರಡನೆಯ ರಾಜವಂಶವಂತೂ ಇನ್ನೂ ಮಂಕು. ವೇನೆಗ್ ಎಂಬ ಅರಸ ನಮಗೆ ತಿಳಿದಿರುವುದು ಮುಖ್ಯವಾಗಿ ಕಲ್ಲಿನ ಪಾತ್ರೆಗಳ ಚೂರುಗಳ ಮೇಲಿನ ಹೆಸರಿನಿಂದ. ಅವು ಮೂರನೆಯ ವಂಶದ ಜೋಸೆರನ ಮೆಟ್ಟಿಲು ಪಿರಮಿಡ್ಡಿನ ನೆಲಮಾಳಿಗೆಯಲ್ಲಿ ದೊರೆತವು. ಪೆರಿಬ್ಸೆನ್ ಎಂಬ ಅರಸ ತನ್ನ ಹೆಸರಿನ ಮೇಲೆ ಹೋರಸ್ ದೇವತೆಯ ಗಿಡುಗವನ್ನು ಬಿಟ್ಟು ಸೇಥ್ ದೇವತೆಯ ಪ್ರಾಣಿಯನ್ನು ಕೆತ್ತಿಸಿದನು. ಅವನ ನಂತರದ ಖಾಸೆಖೆಮ್ವಿ ಎರಡನ್ನೂ ಜೊತೆಗೂಡಿಸಿದನು. ಸೆನೆಡ್ ಎಂಬ ಇನ್ನೊಬ್ಬ ಅರಸನ ಹೆಸರು ಉಳಿಯಲು ಮುಖ್ಯ ಕಾರಣ ಶೇರಿ ಎಂಬ ಪುರೋಹಿತ. ನಾಲ್ಕನೆಯ ವಂಶದ ಕಾಲದಲ್ಲಿ ಸತ್ತ ಅರಸರ ಪೂಜೆಯ ಹೊಣೆ ಹೊತ್ತಿದ್ದ ಅವನು ತನ್ನ ಸಮಾಧಿಯಲ್ಲಿ ಪೆರಿಬ್ಸೆನ್ ಮತ್ತು ಸೆನೆಡ್ ಇಬ್ಬರ ಹೆಸರನ್ನೂ ಬರೆಸಿದನು. ಅರಸನಿಂದ ಪುರೋಹಿತನಿಗೆ ಅನ್ನ ದೊರೆಯಿತು. ಪುರೋಹಿತನಿಂದ ಅರಸನಿಗೆ ಹೆಸರು ಉಳಿಯಿತು.

ಈ ಪಟ್ಟಿಗಳು ಬಿಟ್ಟದ್ದನ್ನೂ ಗಮನಿಸಬೇಕು. ಅಬಿಡೋಸ್‌ನ ದೇವಾಲಯದ ಗೋಡೆಯಲ್ಲಿ ಮೊದಲನೆಯ ಸೇತಿ ಕೆತ್ತಿಸಿದ ಪಟ್ಟಿಯಲ್ಲಿ 76 ಅರಸರ ಹೆಸರುಗಳಿವೆ. ಪೂರ್ವಜರಿಗೆ ಕಾಣಿಕೆ ಸಲ್ಲಿಸುವಾಗ ಸ್ಮರಿಸಬೇಕಾದ ಹೆಸರುಗಳು ಅವು. ಹತ್ಷೆಪ್ಸುತ್ ಎಂಬ ರಾಣಿ, ಅಖೆನಾತೆನ್, ತುತಾಂಖಾಮುನ್ ಅಲ್ಲಿ ಇಲ್ಲ. ಅನುಕೂಲವಲ್ಲದವರನ್ನು ಪೂಜೆಯ ಪಟ್ಟಿ ಸದ್ದಿಲ್ಲದೆ ಕೈಬಿಟ್ಟಿತು. ಇನ್ನು ಮೊದಲ ವಂಶದ ಜೆರ್ ಅರಸನ ಸಮಾಧಿಯ ಸುತ್ತ ಮುನ್ನೂರಕ್ಕೂ ಹೆಚ್ಚು ಚಿಕ್ಕ ಸಮಾಧಿಗಳಿವೆ. ಅರಸನ ಜೊತೆಗೆ ಪರಲೋಕಕ್ಕೆ ಕಳುಹಿಸಲ್ಪಟ್ಟ ಪರಿವಾರದವು ಅವು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅವುಗಳಲ್ಲಿ ಹಲವಕ್ಕೆ ಒರಟಾದ ಹೆಸರುಗಲ್ಲುಗಳಿದ್ದವು. ಮೇನೆಸ್ ಯಾರು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅರಸನ ಸಾವಿನಲ್ಲಿ ಪಾಲುಗೊಂಡ ಸೇವಕರ ಹೆಸರುಗಳು ಮಾತ್ರ ಕಲ್ಲಿನ ಮೇಲಿವೆ. ಫರೋಹನ ಮನೆ ಅಂದಿನಿಂದಲೂ ದಾಸ್ಯದ ಮನೆಯಾಗಿತ್ತು ಎಂಬುದನ್ನು ವಿಮೋಚನಾಕಾಂಡದ ಓದುಗನಿಗೆ ಬೇರೆಯಾಗಿ ವಿವರಿಸಬೇಕಿಲ್ಲ.

ನನ್ನಿವಾಳದ ನೆನಪು

ಇಷ್ಟರವರೆಗೆ ಹೇಳಿದ್ದು ಬರೆದಿಟ್ಟ ನೆನಪಿನ ಮಾತು. ಇದಕ್ಕೆ ಬೇರೆಯಾದ ನೆನಪೊಂದು ನಮ್ಮ ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮ್ಯಾಸಬೇಡ ಸಮುದಾಯದ ಕಟ್ಟೆಮನೆಗಳಲ್ಲೊಂದು. ಕಟ್ಟೆಮನೆ ಎಂದರೆ ಕುಲಾಚಾರ, ನ್ಯಾಯತೀರ್ಮಾನ, ದೇವರ ಕಾರ್ಯ ಇವು ನಿರ್ಣಯವಾಗುವ ಪೀಠ. ಬೇಡ ಕುಲದ ಒಂದು ಮನೆತನ ಚಿತ್ರದುರ್ಗದ ಪಾಳೆಯಗಾರಿಕೆಗೆ ಏರಿ, 1779ರಲ್ಲಿ ಹೈದರಾಲಿಗೆ ಕೋಟೆ ಬೀಳುವವರೆಗೆ ಆಳಿತು. ಅದರ ಚರಿತ್ರೆ ಶಾಸನಗಳಲ್ಲಿಯೂ ಬಖೈರುಗಳಲ್ಲಿಯೂ ಇದೆ. ಹುಲ್ಲುಗಾವಲಿನ ಮ್ಯಾಸಬೇಡರು ದನ ಕಾಯುತ್ತ, ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕ ಮೊದಲಾದ ವೀರರ ಕಥೆಯನ್ನು ಹಾಡಿನಲ್ಲಿ ಉಳಿಸಿಕೊಂಡರು. ಅವರ ದೇವರುಗಳ ಕುರುಹುಗಳು ಪೆಟ್ಟಿಗೆಯಲ್ಲಿವೆ. ಆದ್ದರಿಂದ ಅವರನ್ನು ಪೆಟ್ಟಿಗೆ ದೇವರು ಎನ್ನುತ್ತಾರೆ. ದೇವರ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ. ಅವನ್ನು ಕಾಯಲು ಕಿಲಾರಿಗಳಿದ್ದಾರೆ.

ಇಸ್ರಯೇಲರ ಆದಿ ನೆನಪನ್ನು ಗ್ರಹಿಸಲು ಈ ಜೀವನಕ್ರಮ ನಮಗೆ ನೆರವಾಗುತ್ತದೆ. ಜೋಸೆಫನ ಸಹೋದರರೂ ದನಕುರಿಗಳನ್ನು ಕಾಯುವವರು; ಅಂಥವರ ಬಗೆಗೆ ಈಜಿಪ್ಟಿನವರಿಗೆ ಅಸಹ್ಯವಿತ್ತೆಂದು ಆದಿಕಾಂಡವೇ ಹೇಳುತ್ತದೆ. ಅವರೂ ತಮ್ಮ ಒಡಂಬಡಿಕೆಯ ಗುರುತನ್ನು ಮಂಜೂಷದಲ್ಲಿಟ್ಟು ಹೊತ್ತು ನಡೆದವರು. ಎರಡೂ ಒಂದೇ ಎಂದು ಇಲ್ಲಿ ವಾದಿಸುತ್ತಿಲ್ಲ. ಅರಮನೆಯಿಲ್ಲದ ಜನ ಪವಿತ್ರವಾದುದನ್ನು ಹೆಗಲ ಮೇಲೆ ಹೊರುತ್ತಾರೆ ಎಂಬುದು ನನ್ನಿವಾಳದ ಜಾತ್ರೆಗಳನ್ನು ಕಂಡವನಿಗೆ ಪುಸ್ತಕದ ಸಹಾಯವಿಲ್ಲದೆ ತಿಳಿಯುತ್ತದೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಪ್ರಥಮಫಲವನ್ನು ಅರ್ಪಿಸುವ ಇಸ್ರಯೇಲನು ತನ್ನ ಮೂಲಪುರುಷನನ್ನು ಅಲೆಮಾರಿಯಾದ ಅರಾಮ್ಯನೆಂದು ನಿವೇದಿಸುತ್ತಾನೆ. ಹೇಮಾವತಿಯ ಸ್ತಂಭ ಅರಸರನ್ನು ಪಲ್ಲವರಿಗೆ ಜೋಡಿಸಿತು. ಇಸ್ರಯೇಲರ ವಿಶ್ವಾಸ ನಿವೇದನೆ ತನ್ನನ್ನು ಅಲೆಮಾರಿಯೊಬ್ಬನಿಗೆ ಜೋಡಿಸಿಕೊಂಡಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳಗನ್ನಡದಲ್ಲಿ 'ನನ್ನಿ' ಎಂದರೆ ಸತ್ಯ. ನೊಳಂಬ ಅರಸರಲ್ಲಿ ನನ್ನಿ ನೊಳಂಬ ಎಂಬ ಹೆಸರಿದೆ. ಈ ಎರಡನ್ನು ಹಿಡಿದು ನನ್ನಿವಾಳಕ್ಕೆ ರಾಜವಂಶದ ಮೂಲವೊಂದನ್ನು ಕಟ್ಟಿಕೊಡುವುದು ಅರ್ಧ ಗಂಟೆಯ ಕೆಲಸ. ಆದರೆ ಧ್ವನಿಸಾಮ್ಯ ಸಾಕ್ಷ್ಯವಾಗುವುದಿಲ್ಲ. ಹಾಗೆ ಕಟ್ಟುವವನು ಮೇನೆಸನನ್ನು ಮಿಚ್ರಯಿಮನೊಡನೆ ಹೊಲಿದ ಕಾಲಗಣಕರ ದಾರಿಯನ್ನೇ ಹಿಡಿಯುತ್ತಾನೆ. ಕ್ರಿ.ಪೂ. 18ನೇ ಶತಮಾನದ ಆಸುಪಾಸಿನ, ಇಂದು ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿರುವ ಪಪೈರಸ್ ಒಂದರಲ್ಲಿ ಈಜಿಪ್ಟಿನ ಮನೆಯೊಂದರ ಸೇವಕರ ಪಟ್ಟಿಯಿದ್ದು, ಅದರಲ್ಲಿ ಶಿಪ್ರಾ ಎಂಬುದಕ್ಕೆ ಸಮಾನವಾದ ಸ್ತ್ರೀನಾಮ ಬರುತ್ತದೆ. ಅಂಥ ಹೆಸರು ಆ ಕಾಲದ ಸೆಮಿಟಿಕ್ ಸ್ತ್ರೀಯರಲ್ಲಿ ಇತ್ತೆಂದು ಇದರಿಂದ ತಿಳಿಯುತ್ತದೆ. ಅವಳೇ ವಿಮೋಚನಾಕಾಂಡದ ಸೂಲಗಿತ್ತಿ ಎಂದು ಪ್ರಬೋಧನೆಯಲ್ಲಿ ಹೇಳಲು ಇದರಿಂದ ಅನುಮತಿ ದೊರೆಯುವುದಿಲ್ಲ. ದೇವರ ವಾಕ್ಯ ಸತ್ಯವೆಂದು ಸಾರುವವನು ಆಧಾರವಿಲ್ಲದ ಮಾತಿನಿಂದ ಅದನ್ನು ಅಲಂಕರಿಸಿದರೆ ಕೇಳುವವರ ವಿಶ್ವಾಸವನ್ನು ಮುರಿಯಬಲ್ಲ ಊರುಗೋಲಿನ ಮೇಲೆ ನಿಲ್ಲಿಸಿದಂತಾಗುತ್ತದೆ.

ಮಸುಕಾದ ವಂಶದಲ್ಲಿ ಜನಿಸಿದವರು

ಈಗ ಮೊದಲ ಪ್ರಶ್ನೆಗೆ ಬರೋಣ. ಫರೋಹನ ಹೆಸರನ್ನು ಹುಡುಕುವುದು ಚರಿತ್ರಕಾರನ ನ್ಯಾಯವಾದ ಕೆಲಸ. ಯುಸೇಬಿಯಸ್ ಮೊದಲಾದವರ ಶ್ರಮ ಅದನ್ನು ನಮಗೆ ಕಲಿಸಿದೆ. ಆದರೆ ಗ್ರಂಥದ ಮೌನವೂ ಬೋಧನೆಯೇ. ಹಿಬ್ರೂ ಗಂಡುಶಿಶುಗಳನ್ನು ಕೊಲ್ಲಬೇಕೆಂಬ ಆಜ್ಞೆ ಅರಸನಿಂದ ಬಂದಾಗ ದೇವರಿಗೆ ಭಯಪಟ್ಟು ಅದನ್ನು ಮೀರಿದ ಇಬ್ಬರು ಸ್ತ್ರೀಯರ ಹೆಸರು ಉಳಿಯಿತು. ದೇವರು ಅವರ ಮನೆತನಗಳನ್ನು ಸ್ಥಿರಪಡಿಸಿದರೆಂದು ಗ್ರಂಥ ಹೇಳುತ್ತದೆ. ಅರಸನಿಗೆ ಸಲ್ಲಬೇಕಾದ ವಂಶದ ವಾಗ್ದಾನ ಸೂಲಗಿತ್ತಿಯರಿಗೆ ಸಂದಿತು.

ಸಂತ ಲೂಕನು ತನ್ನ ಶುಭಸಂದೇಶದ 3ನೆಯ ಅಧ್ಯಾಯದಲ್ಲಿ ಇದೇ ಕ್ರಮವನ್ನು ಅನುಸರಿಸುತ್ತಾನೆ. ಚಕ್ರವರ್ತಿ ತಿಬೇರಿಯಸನಿಂದ ಆರಂಭಿಸಿ ಪಿಲಾತ, ಹೆರೋದ, ಫಿಲಿಪ್, ಲುಸಾನಿಯ, ಅನ್ನ, ಕಾಯಫ ಎಂದು ಏಳು ಅಧಿಕಾರಸ್ಥರನ್ನು ಸಾಲಾಗಿ ನಿಲ್ಲಿಸುತ್ತಾನೆ. ಆದರೆ ದೇವರ ವಾಕ್ಯ ಇಳಿದುಬರುವುದು ಅಡವಿಯಲ್ಲಿದ್ದ ಜೆಕರೀಯನ ಮಗ ಯೊವಾನ್ನನ ಬಳಿಗೆ. ಆ ತಿಬೇರಿಯಸನ ಬೆಳ್ಳಿಯ ದಿನಾರಿಯೊಂದು ಚಂದ್ರವಳ್ಳಿಯ ಮಣ್ಣಿನಲ್ಲಿಯೂ ದೊರೆತಿದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನ ನಮ್ಮ ಸೀಮೆಯ ಕಾಲಗಣನೆಗೆ ತಳಹದಿ ಹಾಕಿತು. ಅದರಲ್ಲಿ ರೋಮನ್ ನಾಣ್ಯದ ಸಾಕ್ಷ್ಯಕ್ಕೂ ಪಾತ್ರವಿತ್ತು. ಯೇಸುಸ್ವಾಮಿಯ ಮುಂದೆ ತಂದು ತೋರಿಸಿದ ತೆರಿಗೆಯ ನಾಣ್ಯ ಇದೇ ಬಗೆಯದು ಎಂಬುದು ಪಂಡಿತರ ಸಾಮಾನ್ಯ ಅಭಿಪ್ರಾಯ. ಕೈಸರನ ಮುದ್ರೆ ಚಿತ್ರದುರ್ಗದವರೆಗೂ ಬಂದಿತು, ಮಣ್ಣಿನಲ್ಲಿ ಹೂತುಹೋಯಿತು. ದೇವರ ಪ್ರತಿರೂಪವನ್ನು ಹೊತ್ತ ಮನುಷ್ಯರು ದೇವರಿಗೆ ಸಲ್ಲಬೇಕಾದವರು ಎಂಬ ಮಾತು ಮಾತ್ರ ಇನ್ನೂ ಬೋಧಿಸಲ್ಪಡುತ್ತಿದೆ.

ಮಸುಕಾದ ರಾಜವಂಶಗಳ ಸಾಲಿನಲ್ಲಿ ಕೊನೆಯದಾಗಿ ಒಂದನ್ನು ಸೇರಿಸಬೇಕು. ಸಂತ ಮತ್ತಾಯನು ಕೊಡುವ ವಂಶಾವಳಿಯಲ್ಲಿ ದಾವೀದನಿಂದ ಸೆರೆವಾಸದವರೆಗೆ ಬರುವ ಅರಸರ ಕಥೆಯನ್ನು ನಾವು ಅರಸರ ಗ್ರಂಥಗಳಲ್ಲಿ ಓದಬಲ್ಲೆವು. ಜೆರುಬ್ಬಾಬೆಲನ ನಂತರ ಅಬಿಹೂದ, ಎಲಿಯಕೀಮ, ಅಜೋರ, ಸದೋಕ, ಅಖೀಮ, ಎಲಿಹೂದ ಎಂದು ಹೆಸರುಗಳು ಮುಂದುವರಿಯುತ್ತವೆ. ಇವರ ಚರಿತ್ರೆ ಹಳೆಯ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ಸಿಂಹಾಸನ ಹೋಯಿತು, ಶಾಸನವಿಲ್ಲ, ನಾಣ್ಯವಿಲ್ಲ. ದಾವೀದನ ಮನೆತನ ನಜರೇತಿನ ಬಡಗಿಯೊಬ್ಬನ ಮನೆಗೆ ಬಂದು ನಿಂತಿತ್ತು. ದೇವಪುತ್ರರು ಮಾನವರಾದದ್ದು ಆ ಮಸುಕಾದ ವಂಶದಲ್ಲಿ. ಮರೆವಿಗೆ ಸಂದ ಮನೆತನಗಳ ಚರಿತ್ರೆ ಕುತೂಹಲಿಗಳ ವಿಷಯ ಮಾತ್ರ ಎಂದು ಕ್ರೈಸ್ತನು ಭಾವಿಸುವಂತಿಲ್ಲ. ನಮ್ಮ ರಕ್ಷಣೆ ಅಂಥದೊಂದು ಮನೆತನದ ಮೂಲಕ ಬಂದಿದೆ.

ಇದರಿಂದ ಧರ್ಮಕೇಂದ್ರದ ಗುರುವಿಗೆ ಒಂದು ಕರ್ತವ್ಯ ಒದಗುತ್ತದೆ. ನಮ್ಮ ರಜತ ಮಹೋತ್ಸವ, ಸುವರ್ಣ ಮಹೋತ್ಸವಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿದರೆ ಅವು ಬಹುಮಟ್ಟಿಗೆ ಅಬಿಡೋಸ್‌ನ ಗೋಡೆಯಂತೆಯೇ ಇವೆ. ಸೇವೆ ಸಲ್ಲಿಸಿದ ಗುರುಗಳ ಹೆಸರು, ಅವಧಿ, ಭಾವಚಿತ್ರ. ಕಟ್ಟಡಕ್ಕೆ ಶಿಲಾನ್ಯಾಸ ಮಾಡಿದವರು, ಉದ್ಘಾಟಿಸಿದವರು. ಗುರುಗಳಿಲ್ಲದ ವರ್ಷಗಳಲ್ಲಿ ಜಪ ನಡೆಸಿದ ಉಪದೇಶಿ, ಹಟ್ಟಿಯಿಂದ ಹಟ್ಟಿಗೆ ನಡೆದು ರೋಗಿಗಳನ್ನು ಕಂಡ ಕನ್ಯಾಸ್ತ್ರೀ, ಮೃತ್ಯುಮುಖದಲ್ಲಿದ್ದ ಶಿಶುವಿಗೆ ದೀಕ್ಷಾಸ್ನಾನ ಕೊಟ್ಟ ಸೂಲಗಿತ್ತಿ ಅಲ್ಲಿ ಅಪರೂಪ. ಆದರೆ ಅವರ ಕುರುಹು ಇನ್ನೊಂದು ಕಡೆ ಸಿಗುತ್ತದೆ. ಟ್ರೆಂಟ್ ಮಹಾಸಭೆ 1563ರಲ್ಲಿ ಧರ್ಮಕೇಂದ್ರದ ದಾಖಲೆ ಪುಸ್ತಕಗಳನ್ನು ಕಡ್ಡಾಯಗೊಳಿಸಿತು. ಇಂದಿನ ಧರ್ಮಸಭಾ ಕಾನೂನಿನ 877ನೆಯ ವಿಧಿ ದೀಕ್ಷಾಸ್ನಾನ ಪಡೆದವರ ಜೊತೆಗೆ ದೀಕ್ಷಾಸ್ನಾನ ಕೊಟ್ಟವರ, ತಂದೆತಾಯಿಗಳ, ಜ್ಞಾನಪೋಷಕರ ಹೆಸರನ್ನೂ ಸಾಕ್ಷಿಗಳಿದ್ದರೆ ಅವರ ಹೆಸರನ್ನೂ ಬರೆಯಬೇಕೆಂದು ವಿಧಿಸುತ್ತದೆ. ಆ ಪುಸ್ತಕದಲ್ಲಿ ಅರಸನಿಗೂ ದನಗಾಹಿಗೂ ಒಂದೊಂದೇ ಸಾಲು.

ಆದ್ದರಿಂದ ಗುರುಮಠದಿಂದ ಹೊರಟು ಧರ್ಮಕೇಂದ್ರಗಳಿಗೆ ಹೋಗಲಿರುವ ಸಹೋದರರಲ್ಲಿ ಎರಡು ವಿನಂತಿಗಳು. ವಿಮೋಚನಾಕಾಂಡವನ್ನು ಬೋಧಿಸುವಾಗ ಫರೋಹನಿಗೆ ಗ್ರಂಥ ಕೊಡದ ಹೆಸರನ್ನು ಕೊಡಬೇಡಿರಿ. ಶಿಪ್ರಾ ಮತ್ತು ಪೂಗಾರ ಹೆಸರುಗಳನ್ನು ಸಭೆ ನೆನಪಿಟ್ಟುಕೊಳ್ಳುವಂತೆ ಉಚ್ಚರಿಸಿರಿ. ಹೊಸ ಧರ್ಮಕೇಂದ್ರಕ್ಕೆ ಹೋದ ಮೊದಲ ವಾರದಲ್ಲಿ ಹಳೆಯ ದೀಕ್ಷಾಸ್ನಾನದ ಪುಸ್ತಕವನ್ನು ತೆರೆದು, ಹುಳುಹುಪ್ಪಟೆಗಳಿಂದ ಅದು ಸುರಕ್ಷಿತವಾಗಿದೆಯೇ ನೋಡಿ, ಅದರಲ್ಲಿ ಜ್ಞಾನಪೋಷಕರಾಗಿ ಮತ್ತೆ ಮತ್ತೆ ಬರುವ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ಅಕ್ಷರ ಬಲ್ಲವರಾಗಿ ಅವರೇ ಆ ಹಟ್ಟಿಗೆ ಬಂದ ಮೊದಲ ಉಪದೇಶಿಗಳಾಗಿರುವ ಸಂಭವ ಹೆಚ್ಚು. ಊರಿನ ಹಿರಿಯರನ್ನು ಕೇಳಿ ಅವರ ಕಥೆಯನ್ನು ಬರೆದಿಡಿರಿ. ಬರೆದವರ ಹೆಸರನ್ನೂ ಕೊನೆಯಲ್ಲಿ ಸೇರಿಸಿರಿ.